ಉಡಿ ತುಂಬಿದ ಪಾರ್ಸಲ್ಲುಗಳು

ಪ್ಯಾಕಿಂಗ್ ಟೇಪಿಗೆ ತುದಿ ಅನ್ನುವುದು ಇರುವುದಿಲ್ಲ. ಇದೆ ಎಂದು ವಾದಿಸುವವರು ಒಂದೋ ಅದನ್ನು ಮಾರುವವರು, ಇಲ್ಲವೇ ಜೀವಮಾನದಲ್ಲಿ ಒಂದು ಪಾರ್ಸಲನ್ನೂ ಕಟ್ಟದವರು. ಇವತ್ತು ಬೆಳಿಗ್ಗೆ ಬಿಸಿಲಿಗೆ ಹಿಡಿದು, ತಿರುಗಿಸಿ, ಉಗುರಿನಿಂದ ಕೆರೆದು, ಕೊನೆಗೆ ಹಲ್ಲಿನಿಂದ ಕಚ್ಚಿ ಆ ಇಲ್ಲದ ತುದಿಯನ್ನು ಹುಡುಕುತ್ತಿದ್ದಾಗ ಟೇಪಿನ ಮೇಲೊಂದು ಹಳದಿ ಗುರುತು ಕಂಡಿತು. ಹೆಬ್ಬೆರಳಿನ ಅಚ್ಚು. ಅರಿಷಿಣದ್ದು. ನಮ್ಮವ್ವನದು. ನನ್ನ ಅಂಗಡಿಯ ಮೇಲೆ ನಾಳೆ ಯಾರಾದರೂ ತನಿಖೆಗೆ ಬಂದರೆ ಅವರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗುವುದಿಲ್ಲ.

ಅಂಗಡಿ ಅಂದರೆ ಶಟರ್ ಎಳೆಯುವ ಅಂಗಡಿ ಅಂದುಕೊಳ್ಳಬೇಡಿ. ಬೊರಿವಲಿಯಲ್ಲಿ ಅಂಥ ಅಂಗಡಿ ಹಾಕಬೇಕೆಂದರೆ ಹೋದ ಜನ್ಮದಿಂದಲೇ ಬಾಡಿಗೆ ಕಟ್ಟಿಕೊಂಡು ಬಂದಿರಬೇಕು. ನನ್ನದು ಫೋನಿನೊಳಗಿನ ಅಂಗಡಿ. ನಾನು ಬರೆದ ಚಿತ್ರಗಳ ಫೋಟೋ ತೆಗೆದು, ಕಲಾವಿದರಿಗೆಂದೇ ಇರುವ ಒಂದು ಸೈಟಿನಲ್ಲಿ ಹಾಕುತ್ತೇನೆ. ಯಾರಾದರೂ ಪುಣ್ಯಾತ್ಮರು ಕೊಂಡರೆ ಪಾರ್ಸಲ್ ಕಟ್ಟಿ ಕೊರಿಯರಿಗೆ ಕೊಡುತ್ತೇನೆ. ಸ್ಟುಡಿಯೋ, ಗೋದಾಮು, ಹೆಡ್ ಆಫೀಸು ಎಲ್ಲವೂ ಮೂರನೇ ಮಹಡಿಯ ನಮ್ಮ ಪುಟ್ಟ ಮನೆಯೇ. ಹಾಲಿನಲ್ಲಿ ನಾನು ಬರೆಯುತ್ತೇನೆ, ದೀವಾನದ ಕೆಳಗೆ ಬರೆದ ಚಿತ್ರಗಳು ಮಲಗುತ್ತವೆ, ದೀವಾನದ ಮೇಲೆ ಅವ್ವ ಕೂತು ನನ್ನನ್ನೂ ಅವುಗಳನ್ನೂ ಟೀಕಿಸುತ್ತಾಳೆ.

ಅವ್ವ ವಿಜಯಪುರದ ಕಡೆಯವಳು. ಮದುವೆಯಾಗಿ ಮುಂಬಯಿಗೆ ಬಂದು ಮೂವತ್ತು ವರ್ಷ ದಾಟಿದರೂ ಅವಳ ಮಾತು ಇನ್ನೂ ವಿಜಯಪುರದ ಸ್ಟೇಷನ್ ಬಿಟ್ಟು ಹೊರಟಿಲ್ಲ. ನನ್ನ ಕನ್ನಡ ಬೊರಿವಲಿ ಫಾಸ್ಟ್ ಲೋಕಲ್ ಇದ್ದ ಹಾಗೆ. ಜೋರಾಗಿ ಓಡುತ್ತದೆ, ಆದರೆ ಎಷ್ಟೋ ಸ್ಟೇಷನ್ನುಗಳಲ್ಲಿ ನಿಲ್ಲುವುದೇ ಇಲ್ಲ. ಅಂಥ ಕಡೆ ಹಿಂದಿಯಲ್ಲೋ ಮರಾಠಿಯಲ್ಲೋ ಇಳಿದು ನಡೆಯಬೇಕು. ಹೀಗೆ ಬರೆಯುವ ಕನ್ನಡ ಬಂದದ್ದು ಅವ್ವ ತರಿಸುತ್ತಿದ್ದ ವಾರಪತ್ರಿಕೆಗಳಿಂದ. ತಪ್ಪು ಕಂಡರೆ ದಯವಿಟ್ಟು ಆ ಪತ್ರಿಕೆಯವರನ್ನು ಕೇಳಿ.

ವ್ಯಾಪಾರ ಮಾತ್ರ ನನಗೆ ಯಾರೂ ಕಲಿಸಿಕೊಟ್ಟದ್ದಲ್ಲ. ಶಾಲೆಯ ರಜೆಯಲ್ಲಿ ನಮ್ಮ ಬಿಲ್ಡಿಂಗಿನ ಮೆಟ್ಟಿಲ ಮೇಲೆ ಕೂತು ಹುಡುಗರ ತೋಳಿನ ಮೇಲೆ ಬಾಲ್ ಪೆನ್ನಿನಿಂದ ಹುಲಿ ಬರೆದುಕೊಡುತ್ತಿದ್ದೆ. ಪ್ರತಿಫಲವಾಗಿ ಅವರ ಕೈಯ ಬಣ್ಣದ ಶರಬತ್ತು ಸುರಿದ ಬರ್ಫಿನ ಗೋಲಾವನ್ನು ಒಂದು ಸಲ ಚೀಪಲು ಕೊಡಬೇಕು. ನೇರಳೆ ಬಣ್ಣದ ಕಾಲಾಖಟ್ಟಾ ಗೋಲಾ ಇದ್ದರೆ ಹುಲಿಗೆ ಮೀಸೆ ಜಾಸ್ತಿ. ಒಂದು ದಿನ ಕೆಳಗಿನ ಮನೆಯ ಗುಜರಾತಿ ಆಂಟಿ ಬಂದು, ಹುಲಿ ಅಳಿಸಿ ಹೋಗುತ್ತದೆಂದು ತನ್ನ ಮಗ ಸ್ನಾನವನ್ನೇ ಬಿಟ್ಟಿದ್ದಾನೆ ಎಂದು ಅಪ್ಪನ ಹತ್ತಿರ ದೂರು ಕೊಟ್ಟಳು. ಅಪ್ಪ ಗಂಭೀರವಾಗಿ ಕೇಳಿಸಿಕೊಂಡು, ಅವಳು ಹೋದ ಮೇಲೆ ಅಂಗಿಯ ತೋಳು ಮಡಚಿ, "ನನಗೂ ಒಂದು ಬರಿ" ಅಂದ. ಅಪ್ಪ ಮರುದಿನ ಆ ಹುಲಿಯನ್ನು ತುಂಬುತೋಳಿನ ಅಂಗಿಯೊಳಗೆ ಮುಚ್ಚಿಕೊಂಡು ಆಫೀಸಿಗೆ ಹೋಗಿದ್ದ. ಈಗ ಅಪ್ಪ ಇಲ್ಲ. ನಾನು ಕಾಲೇಜಿನಲ್ಲಿದ್ದಾಗ ಹೋಗಿಬಿಟ್ಟ. ಇದ್ದಿದ್ದರೆ ನನ್ನ ಅಂಗಡಿಯ ಮೊದಲ ಗಿರಾಕಿ ಅವನೇ ಆಗಿರುತ್ತಿದ್ದ.

ಕಾಲೇಜು ಮುಗಿದ ಮೇಲೆ ಪರೇಲಿನ ಒಂದು ಆಫೀಸಿನಲ್ಲಿ ಔಷಧಿ ಡಬ್ಬಿಗಳ ಮೇಲಿನ ಚಿತ್ರ ಬರೆಯುವ ಕೆಲಸ ಸಿಕ್ಕಿತು. ಬೊರಿವಲಿಯಿಂದ ದಿನಾ ಲೋಕಲ್ಲಿನಲ್ಲಿ ಜನರ ಮೊಣಕೈ ಏಟು ತಿನ್ನುತ್ತ ಹೋಗಿ, ನಾನು ಬರೆಯುತ್ತಿದ್ದದ್ದು ಮಂಡಿ. ನೋವಿನ ಮುಲಾಮಿನ ಡಬ್ಬಿಯ ಮೇಲೆ ಕೆಂಪಗೆ ಉರಿಯುವ ಮಂಡಿ ಇರುತ್ತದಲ್ಲ, ಅದು. ಬಲಮಂಡಿ, ಎಡಮಂಡಿ, ಮುದುಕರ ಮಂಡಿ, ಆಟಗಾರನ ಮಂಡಿ. ಸಾಹೇಬರು ಕಂಪ್ಯೂಟರಿನಲ್ಲಿ ಬಗ್ಗಿ ನೋಡಿ, ಇನ್ನೂ ಸ್ವಲ್ಪ ನೋವು ಬರಲಿ ಅನ್ನುತ್ತಿದ್ದರು. ನನಗೆ ಸಾಕಷ್ಟು ನೋವು ಬಂದ ಒಂದು ದಿನ ರಾಜೀನಾಮೆ ಕೊಟ್ಟು ಮನೆಗೆ ಬಂದು, ಇನ್ನು ಮೇಲೆ ನನ್ನ ಚಿತ್ರ ನಾನೇ ಮಾರುತ್ತೇನೆ ಎಂದು ಅವ್ವನಿಗೆ ಹೇಳಿದೆ. ಅವ್ವ, "ಅಂಗಡಿ ನಡೀಲಿಲ್ಲ ಅಂದ್ರ ಮತ್ತ ಮಂಡಿ ಬರಿಯಾಕ ಹೋಗಬೇಕು, ತಲ್ಯಾಗ ಇಟ್ಕೋ" ಅಂದಳು. ಅಂದಿನಿಂದ ನನ್ನ ಪಾಲಿಗೆ ಪ್ರಪಂಚದಲ್ಲಿ ಎರಡೇ ದಾರಿ, ಅಂಗಡಿ ಇಲ್ಲವೇ ಮಂಡಿ.

ಅಂಗಡಿಗೆ ಶ್ರೀ ಬಸವೇಶ್ವರ ಚಿತ್ರ ಭಾಂಡಾರ ಅಂತ ಹೆಸರಿಡಬೇಕೆಂದು ಅವ್ವನ ಆಸೆಯಿತ್ತು. ನಾನು ಇಟ್ಟದ್ದು 'ಮೂರನೇ ಮಹಡಿ' ಅಂತ. ಅದನ್ನು ಕೇಳಿ ಅವ್ವ, "ಲಿಫ್ಟ್ ಇಲ್ಲ ಅಂತನೂ ಬರದಬಿಡು" ಅಂದಳು. ಗಿರಾಕಿಗಳು ಮೆಟ್ಟಿಲು ಹತ್ತಿ ಬರುವುದಿಲ್ಲ ಅನ್ನುವುದು ಅವಳಿಗೆ ಅರ್ಥವಾಗಲು ಬಹಳ ದಿನ ಬೇಕಾಯಿತು. ಮೊದಮೊದಲು ಸಂಜೆಯಾದರೆ ಸೀರೆ ಸರಿಮಾಡಿಕೊಂಡು ಬಾಗಿಲು ತೆರೆದಿಟ್ಟು ಕೂರುತ್ತಿದ್ದಳು.

ಮೊದಲ ಆರ್ಡರ್ ಬಂದದ್ದು ಠಾಣೆಯಿಂದ. ಹೊಸ್ತಿಲಲ್ಲಿ ನಿಂತ ಹೆಂಗಸಿನ ಚಿತ್ರ. ಅವಳ ಹಣೆಯನ್ನು ನಾನು ಬೇಕೆಂದೇ ಖಾಲಿ ಬಿಟ್ಟಿದ್ದೆ. ಅದರಲ್ಲೊಂದು ಆಳವಾದ ಅರ್ಥವಿತ್ತು. ಏನೆಂದು ಈಗ ಮರೆತಿದ್ದೇನೆ. ನಾನು ಟೇಪು ತರಲು ಹೋದಾಗ, "ಕಟ್ಟೂದು ನಾ ಮಾಡ್ತೀನಿ, ನಿನಗ ಒಂದು ಗಂಟು ಹಾಕಾಕ ಬರೂದಿಲ್ಲ" ಎಂದು ಅವ್ವ ಪೆಟ್ಟಿಗೆಯನ್ನು ತನ್ನ ಕಡೆ ಎಳೆದುಕೊಂಡಿದ್ದಳು. ಬರುವಷ್ಟರಲ್ಲಿ ದಾರ ಬಿಗಿದು ಪಾರ್ಸಲ್ ಸಿದ್ಧವಾಗಿತ್ತು. ಹೋಯಿತು.

ಕೆಲವು ದಿನ ಬಿಟ್ಟು ಆ ಠಾಣೆಯ ಹೆಂಗಸು ಸೈಟಿನಲ್ಲಿ ಐದು ಚುಕ್ಕೆ ಕೊಟ್ಟು ಉದ್ದಕ್ಕೆ ಹೊಗಳಿ ಬರೆದರು. ಹಣೆಯ ಮೇಲಿನ ಆ ಕೆಂಪು ಬೊಟ್ಟಿನಲ್ಲೇ ಇಡೀ ಚಿತ್ರದ ಜೀವವಿದೆಯಂತೆ. ಕಲಾವಿದೆಯ ಧೈರ್ಯ ಮೆಚ್ಚತಕ್ಕದ್ದಂತೆ. ಜೊತೆಗೆ ಬಂದ ಓಟಿ ನೋಡಿ ತಮಗೆ ಕಣ್ಣಲ್ಲಿ ನೀರು ಬಂತಂತೆ. ನಾನು ಯಾವ ಕೆಂಪು ಬೊಟ್ಟು ಎಂದು ಗಾಬರಿಯಿಂದ ಅವರು ಹಾಕಿದ್ದ ಫೋಟೋ ದೊಡ್ಡದು ಮಾಡಿ ನೋಡಿದೆ. ನಿಜ. ನನ್ನ ಆಳವಾದ ಅರ್ಥದ ನಟ್ಟನಡುವೆ ಹೆಬ್ಬೆರಳಗಲ ಕುಂಕುಮ.

"ಅವ್ವಾ, ಪಾರ್ಸಲ್‌ನಾಗ ಏನ ಹಾಕಿದ್ದಿ?"

"ಏನ ಹಾಕ್ಲಿ? ಉಡಿ ತುಂಬಿಸೀನಿ." ಅವ್ವ ಮೆಂತೆಸೊಪ್ಪು ಬಿಡಿಸುತ್ತ, ಗ್ಯಾಸ್ ಆರಿಸೀನಿ ಅನ್ನುವಷ್ಟೇ ಸಲೀಸಾಗಿ ಹೇಳಿದಳು.

"ಅದು ಚಿತ್ರ ಅವ್ವಾ."

"ಹೆಣ್ಮಗಳ ಚಿತ್ರ ಹೌದಿಲ್ಲೋ? ನಮ್ಮ ಮನ್ಯಾಗ ಹುಟ್ಟ್ಯದ, ಇನ್ನೊಬ್ಬರ ಮನಿಗೆ ಹೊಂಟದ, ತಿರುಗಿ ಬರೂದಿಲ್ಲ. ಬರಿ ಉಡೀಲೆ ಕಳಸ್ತಾರೇನು?"

ನಮ್ಮ ಕಡೆ ಮನೆಯ ಹೆಣ್ಣುಮಗಳು ಹೊರಟು ನಿಂತರೆ ಅವಳ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಅಡಿಕೆ, ಕುಬಸಕ್ಕೊಂದು ಖಣ ಹಾಕದೆ ಹೊಸ್ತಿಲು ದಾಟಿಸುವುದಿಲ್ಲ. ಬರಿ ಉಡಿಯಲ್ಲಿ ಕಳಿಸಿದರೆ ತವರಿಗೇ ಕೆಟ್ಟ ಹೆಸರು. ಆದರೆ ಉಡಿ ತುಂಬುವ ಕೈ ಮುತ್ತೈದೆಯದಾಗಿರಬೇಕು. ಅಪ್ಪ ಹೋದ ಮೇಲೆ ಅವ್ವ ಯಾರಿಗೂ ತಾನಾಗಿ ತುಂಬುವುದಿಲ್ಲ, ಅವಳಿಗೂ ಯಾರೂ ತುಂಬುವುದಿಲ್ಲ. ಹಾಗಾಗಿ ಸಾಮಾನು ಅವ್ವನದು, ಕೈ ಎದುರುಮನೆಯ ಸುಲಭಾ ಕಾಕುವಿನದು. ಕಾಕು ಮರಾಠಿಯವಳು. ಅವರಲ್ಲೂ ಇದೇ ಪದ್ಧತಿ, ಓಟಿ ಅನ್ನುತ್ತಾರೆ. ನಾನು ಕಾಕುವಿನ ಬಾಗಿಲು ಬಡಿದು, ಚಿತ್ರದ ಹಣೆಗೆ ಕುಂಕುಮ ಹಚ್ಚಿದ್ದು ಯಾಕೆ ಎಂದು ಕೇಳಿದರೆ ಅವಳು ನನ್ನನ್ನೇ ಕನಿಕರದಿಂದ ನೋಡಿದಳು. "ಅಗ ಬಾಯೀ, ತೂ ವಿಸರಲೀಸ್ ನಾ," ಅಂದಳು. ನಾನು ಮರೆತದ್ದನ್ನು ತಾನು ಸರಿಮಾಡಿಕೊಟ್ಟಿದ್ದಾಳೆ, ಅಷ್ಟೇ.

ಐದು ಚುಕ್ಕೆ ಸಿಕ್ಕಿದ್ದವು ನೋಡಿ, ನಾನು ಬಾಯಿ ಮುಚ್ಚಿಕೊಂಡೆ. ಅಷ್ಟೇ ಅಲ್ಲ, ಕಲಾವಿದೆಯ ಧೈರ್ಯದ ಬಗ್ಗೆ ಬಂದ ಹೊಗಳಿಕೆಯನ್ನು ನಾಲ್ಕು ಜನರಿಗೆ ಕಳಿಸಿಯೂ ಬಿಟ್ಟೆ.

ಇದರಿಂದ ಪ್ಯಾಕಿಂಗ್ ವಿಭಾಗಕ್ಕೆ ಕೊಂಬು ಬಂತು. ಯಾವ ಚಿತ್ರಕ್ಕೆ ಉಡಿ, ಯಾವುದಕ್ಕೆ ಇಲ್ಲ ಎಂದು ಅವ್ವ ಮತ್ತು ಕಾಕು ದೀವಾನದ ಮೇಲೆ ಕೂತು ತೀರ್ಮಾನ ಮಾಡತೊಡಗಿದರು. ಖಾಲಿ ಕುರ್ಚಿಯ ಚಿತ್ರಕ್ಕೆ ಇಲ್ಲ. ಮೊಸರು ಮಾರುವವಳಿಗೆ ಉಂಟು. ಎಮ್ಮೆಯ ವಿಷಯದಲ್ಲಿ ಸ್ವಲ್ಪ ಚರ್ಚೆಯಾಗಿ, ಹಾಲು ಕೊಡುವ ಜೀವ ಎಂಬ ಕಾರಣಕ್ಕೆ ಒಂದು ಮುಷ್ಟಿ ಅಕ್ಕಿ, ಬೆಲ್ಲ ಮಂಜೂರಾಯಿತು. ಖಣ ಬೇಡ ಅಂದರು, ಎಮ್ಮೆ ಕುಬಸ ಹೊಲಿಸುವುದಿಲ್ಲವಲ್ಲ.

ಆಮೇಲೆ ಬಂತು ಲೇಡೀಸ್ ಡಬ್ಬಾ. ಸಂಜೆಯ ಲೋಕಲ್ಲಿನ ಹೆಂಗಸರ ಡಬ್ಬಿಯನ್ನು ನಾನು ಉದ್ದನೆಯ ಕ್ಯಾನ್ವಾಸಿನ ಮೇಲೆ ಬರೆದಿದ್ದೆ. ಸೊಪ್ಪು ಬಿಡಿಸುವವರು, ನಿದ್ದೆ ಹೊಡೆಯುವವರು, ಕಂಬ ಹಿಡಿದು ಜಗಳವಾಡುವವರು, ಒಬ್ಬರ ಮೇಲೊಬ್ಬರು. ಅದು ಮಾರಾಟವಾದ ಖುಷಿಯಲ್ಲಿ ಪೆಟ್ಟಿಗೆ ತರಲು ಧಾರಾವಿಗೆ ಹೋದೆ. ಹಳೆಯ ರಟ್ಟಿನಿಂದ ಹೊಸ ಪೆಟ್ಟಿಗೆ ಮಾಡಿಕೊಡುವ ದಸ್ತಗೀರ್ ಚಾಚಾ ಅಲ್ಲಿದ್ದಾನೆ. ಅವನೂ ವಿಜಯಪುರದವನೇ. ಅವ್ವನಿಗೂ ಅವನಿಗೂ ಫೋನಿನಲ್ಲೇ ಅಣ್ಣ-ತಂಗಿ ಸಂಬಂಧ. ಅವನು ಕೊಟ್ಟ ಪೆಟ್ಟಿಗೆಯೊಳಗೆ ಚಿತ್ರದ ಜೊತೆ ಒಂದು ಮಗುವೂ ಮಲಗಬಹುದಿತ್ತು.

"ಚಾಚಾ, ಇಷ್ಟು ಆಳ ಯಾಕೆ?"

"ನಿಮ್ಮವ್ವಾರೇ ಫೋನ್ ಮಾಡಿದ್ರಲ್ಲ ಬೇಟಾ. ದಸ್ತಗೀರಣ್ಣಾ, ಈ ಸರ್ತಿ ಮಂದಿ ಭಾಳ ಹೊಂಟಾರ, ಜಗಾ ಜರಾ ಜ್ಯಾದಾ ಇಡ್ರಿ ಅಂದ್ರು." ಚಾಚಾ ಅಂಟು ಸವರುತ್ತ ಕೇಳಿದ, "ಏನ ಕಳಸ್ತೀರಿ ಇದ್ರಾಗ, ಪೇಂಟಿಂಗೋ ಕಿರಾಣಿಯೋ?"

ಮನೆಗೆ ಬಂದರೆ ಅವ್ವ ಕನ್ನಡಕ ಹಾಕಿಕೊಂಡು ಡಬ್ಬಿಯೊಳಗಿನ ಮುಖಗಳನ್ನು ಎಣಿಸುತ್ತಿದ್ದಳು. ಒಂದೊಂದು ಮುಖಕ್ಕೂ ಒಂದೊಂದು ಮುಷ್ಟಿ. ಮೂಲೆಯಲ್ಲಿ ನಾನು ಅವಸರಕ್ಕೆ ಬಳಿದಿದ್ದ ಒಂದು ಕಂದು ಗೆರೆಯನ್ನು ತೋರಿಸಿ, "ಇಕಿ ಯಾರು? ಬೆನ್ನು ಮಾಡಿ ನಿಂತಾಳೇನು?" ಎಂದು ಕೇಳಿದಳು. ಅದು ಬ್ಯಾಗು ಅಂದೆ. ಅವ್ವನಿಗೆ ನಂಬಿಕೆ ಬರಲಿಲ್ಲ, ಇರಲಿ ಎಂದು ಅದಕ್ಕೂ ಒಂದು ಮುಷ್ಟಿ ಹಾಕಿಸಿದಳು. ಕೊರಿಯರಿನವನು ತೂಕ ನೋಡಿ ನನ್ನ ಮುಖ ನೋಡಿದ. ಫ್ರೇಮು ಭಾರ ಅಂದೆ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಅವ್ವನಿಗೆ ಒಂದು ಕೊರತೆ ಕಾಡುತ್ತಿತ್ತು. ಉಡಿಯಲ್ಲಿ ಒಂದು ಹಣ್ಣಿರಬೇಕು. ಬಾಳೆಹಣ್ಣು ಕೊರಿಯರಿನಲ್ಲಿ ಕೊಳೆಯುತ್ತದೆ. ಸೇಬು ಕಂದುತ್ತದೆ. ಎಷ್ಟು ದಿನವಾದರೂ ತಡೆಯುವ ಹಣ್ಣು ಯಾವುದು ಎಂದು ಯೋಚಿಸಿ, ಬಹಳ ಶಾಸ್ತ್ರೀಯವಾಗಿ, ಅವ್ವ ನಿಂಬೆಹಣ್ಣು ಹಾಕಿದಳು. ಅದರ ಮೇಲೆ ಕಾಕು ಧಾರಾಳವಾಗಿ ಕುಂಕುಮ ಹಾಕಿದಳು. ಆ ಪಾರ್ಸಲ್ ಹೋದದ್ದು ಉತ್ತರದ ಒಂದು ದೊಡ್ಡ ಊರಿನ ದೊಡ್ಡ ಫ್ಲಾಟಿಗೆ.

ನೀವೇ ಕಲ್ಪಿಸಿಕೊಳ್ಳಿ. ನಿಮ್ಮ ಮನೆಗೆ ಒಂದು ಪೆಟ್ಟಿಗೆ ಬರುತ್ತದೆ. ತೆರೆದರೆ ಕುಂಕುಮ ಬಳಿದ ನಿಂಬೆಹಣ್ಣು, ಚೆಲ್ಲಿದ ಅಕ್ಕಿ, ಅರಿಷಿಣದ ಕೊಂಬು, ಹಸಿರು ಬಟ್ಟೆಯ ತುಂಡು. ಅವೆಲ್ಲದರ ಹಿಂದೆ ಕೂದಲು ಬಿಚ್ಚಿಕೊಂಡು ನಿಮ್ಮನ್ನೇ ನೋಡುತ್ತಿರುವ ಒಬ್ಬ ಹೆಂಗಸು. ನಾನು ಅವಳನ್ನು ತಲೆಸ್ನಾನ ಮಾಡಿ ಬಿಸಿಲಿಗೆ ಕೂತವಳು ಎಂದು ಬರೆದಿದ್ದೆ, ಆದರೆ ಆ ಸಂದರ್ಭದಲ್ಲಿ ಅದು ಯಾರ ತಲೆಗೂ ಹೋಗುವಂತಿರಲಿಲ್ಲ.

ದೂರು ಫೋಟೋ ಸಮೇತ ಬಂತು. ಇದು ಯಾವ ಮಾಟ, ಯಾರು ಮಾಡಿಸಿದ್ದು, ನಮ್ಮ ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ ಎಂದೆಲ್ಲ ಬರೆದಿದ್ದರು. ಪೆಟ್ಟಿಗೆಯನ್ನು ಚಿತ್ರದ ಸಮೇತ ನಾಲ್ಕು ರಸ್ತೆ ಕೂಡುವ ಕಡೆ ಇಡಿಸಿ, ಹಿಂದಿರುಗಿ ನೋಡದೆ ಬರುವಂತೆ ಡ್ರೈವರನಿಗೆ ಹೇಳಿದ್ದರಂತೆ. ಅಂದರೆ ನನ್ನ ಚಿತ್ರದ ಮೊಟ್ಟಮೊದಲ ಸಾರ್ವಜನಿಕ ಪ್ರದರ್ಶನ ನಡೆದದ್ದು ಒಂದು ಚೌಕಿನಲ್ಲಿ, ಮತ್ತು ಅಲ್ಲಿ ಎಲ್ಲರೂ ಅದನ್ನು ದೂರದಿಂದಲೇ ಸುತ್ತಿ ಬಳಸಿಕೊಂಡು ಹೋದರು.

ನಗುವುದಕ್ಕೆ ಪುರುಸೊತ್ತಾಗಲಿಲ್ಲ. ಸೈಟಿನವರ ಮೇಲ್ ಹಿಂದೆಯೇ ಬಂತು. ಪಾರ್ಸಲಿನಲ್ಲಿ ಚಿತ್ರವಲ್ಲದೆ ಬೇರೆ ಯಾವ ವಸ್ತುವೂ ಇರಕೂಡದು, ಇಂಥ ಇನ್ನೊಂದು ದೂರು ಬಂದರೆ ನಿಮ್ಮ ಅಂಗಡಿ ಮುಚ್ಚಲಾಗುವುದು. ನಾನು ವಿವರಿಸಿ ಬರೆಯಲು ಕೂತೆ. ಉಡಿ ತುಂಬುವುದನ್ನು ಇಂಗ್ಲಿಷಿನಲ್ಲಿ ಹೇಳಲು ಹೋದರೆ ಪ್ರತಿ ಸಲವೂ ಮಾಟಕ್ಕಿಂತ ಭಯಂಕರವಾದದ್ದೇನೋ ಆಗುತ್ತಿತ್ತು. ಕೊನೆಗೆ ಕ್ಷಮೆ ಕೇಳಿ, ಇನ್ನು ಮುಂದೆ ಹೀಗಾಗುವುದಿಲ್ಲ ಎಂದು ಬರೆದು ಕಳಿಸಿದೆ. ಕಣ್ಣೆದುರು ಸಾಲುಸಾಲಾಗಿ ಕೆಂಪು ಮಂಡಿಗಳು ಬರತೊಡಗಿದ್ದವು.

"ಅವ್ವಾ, ಇನ್ನ ಮ್ಯಾಲೆ ಉಡಿ ಬಂದ್. ಒಂದು ಕಾಳೂ ಹೋಗಬಾರದು. ಹೋದ್ರ ಅಂಗಡಿ ಬಂದ್ ಮಾಡ್ತಾರ."

ಅವ್ವ ವಾದ ಮಾಡಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು. "ಆತು ಬಿಡವಾ, ನಿನ್ನ ಅಂಗಡಿ, ನಿನ್ನ ಮಕ್ಕಳು," ಅಂದು ಒಳಗೆ ಹೋದಳು. ಅಂದಿನಿಂದ ಪಾರ್ಸಲ್ ಕಟ್ಟುವ ಕೆಲಸ ನನಗೇ ಬಂತು. ನಾನು ಟೇಪಿನ ಜೊತೆ ಹೊಡೆದಾಡುತ್ತಿದ್ದರೆ ಅವ್ವ ದೀವಾನದ ಮೇಲೆ ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ಪೆಟ್ಟಿಗೆ ಬಾಗಿಲು ದಾಟುವಾಗ ಮಾತ್ರ, ನನಗೆ ಕೇಳಿಸುವಂತೆ, "ಹೋಗ್ರೆವಾ, ದಿಕ್ಕಿಲ್ಲದವರಂಗ ಹೋಗ್ರಿ" ಅನ್ನುತ್ತಿದ್ದಳು. ಕಾಕು ಮೆಟ್ಟಿಲಲ್ಲಿ ಸಿಕ್ಕಾಗೆಲ್ಲ ನನ್ನ ಕೈಯ ಪೆಟ್ಟಿಗೆಯನ್ನು ನೋಡಿ ನಾಲಗೆಯಿಂದ ಲೊಚಗುಟ್ಟುತ್ತಿದ್ದಳು. ಮೊಸರು ಮಾರುವವಳನ್ನು ಎರಡನೇ ಸಲ ಬರೆದು ಕಳಿಸಿದಾಗ ನನಗೂ ಯಾಕೋ ಅವಳ ಮುಖ ಸಪ್ಪಗೆ ಕಂಡಿತು. ಬಣ್ಣ ಕಡಿಮೆಯಾಗಿರಬೇಕು ಅಂದುಕೊಂಡೆ.

ಇಷ್ಟರ ನಡುವೆ ಒಂದು ತಮಾಷೆ ಮಾಡಿಬಿಟ್ಟಿದ್ದೆ. ಅವ್ವನಿಗೆ ಒಬ್ಬ ಶತ್ರು ಇದ್ದಾನೆ, ಪಾರಿವಾಳ. ಅಡುಗೆಮನೆಯ ಕಿಟಕಿಯ ಗ್ರಿಲ್ಲಿನಲ್ಲಿ ಬಂದು ಕೂರುತ್ತದೆ. ಅವ್ವ ಕನ್ನಡಕ ತಲೆಗೇರಿಸಿಕೊಂಡು, ಲಟ್ಟಣಿಗೆ ಎತ್ತಿ, ಅದರ ಏಳು ತಲೆಮಾರನ್ನು ಬೈಯುತ್ತಾಳೆ. ಪಾರಿವಾಳ ತಲೆ ಓರೆ ಮಾಡಿ ಕೇಳುತ್ತದೆ. ಅದನ್ನೇ ದೊಡ್ಡದಾಗಿ ಬರೆದೆ. ಬೋಳು ಕೈ, ಹಣೆಯ ಮೇಲೆ ವಿಭೂತಿ, ಬಾಯಿ ಅರ್ಧ ತೆರೆದ ಅವ್ವ. ನಾನು ಬರೆದದ್ದರಲ್ಲೆಲ್ಲ ಒಳ್ಳೆಯ ಚಿತ್ರ ಅದು, ಸಂಕೋಚವಿಲ್ಲದೆ ಹೇಳುತ್ತೇನೆ. ಮಾರುವ ಮನಸ್ಸಿರಲಿಲ್ಲ. ಆದರೆ ಅಂಗಡಿಯ ಮುಂದೆ ಒಂದು ದೊಡ್ಡ ಚಿತ್ರ ಇದ್ದರೆ ಚೆನ್ನಾಗಿ ಕಾಣುತ್ತದೆಂದು ಅದನ್ನೂ ಹಾಕಿ, ಯಾರೂ ಕೊಳ್ಳದಂತೆ ಬೆಲೆಗೆ ಒಂದು ಸೊನ್ನೆ ಜಾಸ್ತಿ ಸೇರಿಸಿದ್ದೆ.

ಇಂದೋರಿನ ಒಬ್ಬ ಮನುಷ್ಯ ಆ ಸೊನ್ನೆಯ ಸಮೇತ ಕೊಂಡುಬಿಟ್ಟ.

ಇಲ್ಲ ಅನ್ನುವ ಹಾಗಿರಲಿಲ್ಲ. ಬಂದ ಆರ್ಡರನ್ನು ತಿರಸ್ಕರಿಸಿದರೆ ಅದೂ ನನ್ನ ಮೇಲಿನ ದೂರಿನ ಲೆಕ್ಕಕ್ಕೇ ಹೋಗುತ್ತದೆ. ಅಂಜುತ್ತ ಅವ್ವನಿಗೆ ಹೇಳಿದೆ. ಅವ್ವ ನನ್ನ ಜೊತೆ ಮುನಿಸಿದ್ದನ್ನೇ ಮರೆತಳು.

"ನನ್ನ ಮಾರಿ ಮೋತಿ ತೊಗೊಂಡು ಅವರೇನ ಮಾಡ್ತಾರ?"

"ಗೋಡೆಗೆ ಹಾಕ್ತಾರ."

"ಯಾವ ಗ್ವಾಡಿಗೆ? ಫೋನ್ ಮಾಡಿ ಹೇಳು, ದಕ್ಷಿಣಕ್ಕ ಬ್ಯಾಡ. ಸತ್ತವರ ಫೋಟೋ ಅಂದ್ಕೊಂಡು ಹಾರ ಹಾಕಿಬಿಟ್ಟಾರು." ಸ್ವಲ್ಪ ಹೊತ್ತು ಬಿಟ್ಟು, "ಅವರಲ್ಲಿ ಪಾರಿವಾಳ ಅದಾವೇನು?" ಅಂತಲೂ ಕೇಳಿದಳು.

ಪಾರ್ಸಲ್ ಕಟ್ಟುವ ದಿನ ಬಂತು. ನಾನು ಬೆಳಗಿನಿಂದ ಮನಸ್ಸಿನಲ್ಲೇ ವಾದ ಸಿದ್ಧಮಾಡಿಕೊಂಡಿದ್ದೆ. ತನ್ನ ಸ್ವಂತ ಚಿತ್ರ ಹೊರಟಾಗ ಅವ್ವ ಸುಮ್ಮನಿರುವವಳಲ್ಲ, ಕಾಕುವನ್ನು ಕರೆದೇ ಕರೆಯುತ್ತಾಳೆ, ಅಳುತ್ತಾಳೆ, ಜಗ್ಗಬಾರದು. ಮಧ್ಯಾಹ್ನ ಊಟವಾದ ಮೇಲೆ ಚಿತ್ರವನ್ನು ಹಾಳೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು, ಮೇಲೆ ಟೇಪು ಎಳೆಯುತ್ತಿದ್ದಾಗ ಅವ್ವ ಬಂದು ಪಕ್ಕದಲ್ಲಿ ನಿಂತಳು.

"ಹೆದರಬ್ಯಾಡ, ನಾ ಏನೂ ಕೇಳಂಗಿಲ್ಲ," ಅಂದಳು. "ಇದಕ್ಕ ಉಡಿ ಇಲ್ಲ. ನಂದು ಹೌದಿಲ್ಲೋ ಚಿತ್ರ? ನನಗ ಯಾರ ತುಂಬ್ತಾರ? ಬರೇ ಕಟ್ಟಿ ಕಳಸು. ನಿನ್ನ ಅಂಗಡೀನೂ ಉಳೀತದ."

ಹೇಳಿ, ದೀವಾನದ ಮೇಲೆ ಕೂತು, ಪೇಪರು ಬಿಡಿಸಿದಳು. ಅವಳ ದನಿಯಲ್ಲಿ ದುಃಖವಿರಲಿಲ್ಲ. ಇವತ್ತು ನೀರು ಬೇಗ ಹೋಗುತ್ತದೆ ಅನ್ನುವ ಹಾಗೆ ಹೇಳಿದ್ದಳು, ಅಷ್ಟೇ.

ನಾನು ಗೆದ್ದಿದ್ದೆ. ಬೆಳಗಿನಿಂದ ಸಿದ್ಧಮಾಡಿಕೊಂಡ ವಾದ ಒಂದೂ ಬೇಕಾಗಲಿಲ್ಲ. ಆದರೆ ಟೇಪು ಹಿಡಿದ ಕೈ ಮುಂದಕ್ಕೆ ಹೋಗಲಿಲ್ಲ. ಅಪ್ಪ ಹೋದ ಮುಂದಿನ ವರ್ಷ ವಿಜಯಪುರದಲ್ಲಿ ನಮ್ಮ ಸೋದರಮಾವನ ಮಗಳ ಮದುವೆಯಾಯಿತು. ಊರಿಗೆ ಹೊರಟ ಹೆಂಗಸರನ್ನೆಲ್ಲ ಸಾಲಾಗಿ ಕೂರಿಸಿ ಮಾವನ ಹೆಂಡತಿ, ನಮ್ಮ ಅತ್ತಿ, ಉಡಿ ತುಂಬುತ್ತ ಬರುತ್ತಿದ್ದಳು. ಅವ್ವ ಹುಟ್ಟಿದ ಮನೆ ಅದು. ತನ್ನ ಸರದಿ ಬರುವ ಮೊದಲೇ ಅವ್ವ ಎದ್ದು, ಸಾರು ಉಕ್ಕುತ್ತದೇನೋ ಎಂದು ಅಡುಗೆಮನೆಗೆ ಹೋದಳು. ಒಲೆ ಆರಿ ಬಹಳ ಹೊತ್ತಾಗಿತ್ತು. ಅತ್ತಿ ಆ ಖಾಲಿ ಜಾಗ ದಾಟಿ ಮುಂದಿನವಳಿಗೆ ತುಂಬಿದಳು. ನಾನು ಅಲ್ಲೇ ಕೂತು ಫೋನು ನೋಡುತ್ತಿದ್ದೆ, ಎಲ್ಲವೂ ಕಂಡಿತ್ತು.

ಇದ್ದಕ್ಕಿದ್ದಂತೆ ನನಗೆ ಸಿಟ್ಟು ಬಂತು. ಅತ್ತಿಯ ಮೇಲೆ, ಸೈಟಿನವರ ಮೇಲೆ, ಇಂದೋರಿನವನ ಮೇಲೆ, ಮೊಸರು ಮಾರುವವಳಿಗೆ ಉಂಟು ಎಮ್ಮೆಗೂ ಉಂಟು ಎಂದು ತೀರ್ಮಾನ ಮಾಡಿ ತನ್ನನ್ನು ಮಾತ್ರ ಬಿಟ್ಟುಕೊಂಡ ಈ ಹೆಂಗಸಿನ ಮೇಲೆ. ಹಚ್ಚಿದ ಟೇಪನ್ನು ಕಿತ್ತೆ. ಅಡುಗೆಮನೆಗೆ ಹೋಗಿ ಡಬ್ಬಿಗಳನ್ನೆಲ್ಲ ತೆರೆದು ಮುಚ್ಚಿದೆ. ನಮ್ಮ ಮನೆಯಲ್ಲಿ ಉತ್ತತ್ತಿ ಎಲ್ಲಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಸಾಸಿವೆ ಡಬ್ಬಿಯ ಹಿಂದೆ ಸಿಕ್ಕಿತು. ಕೊಬ್ಬರಿ, ಅಡಿಕೆ, ಅರಿಷಿಣ ಬೇರು ಸಿಕ್ಕವು. ಬಂದವರಿಗೆ ಕೊಡಲು ಅವ್ವ ಟ್ರಂಕಿನಲ್ಲಿ ಕೂಡಿಟ್ಟ ಖಣಗಳಲ್ಲಿ ಎಲ್ಲಕ್ಕಿಂತ ಚೆಂದದ್ದು, ಯಾರಿಗೂ ಕೊಡಲು ಮನಸ್ಸು ಬಾರದೆ ಅಡಿಯಲ್ಲಿ ಮುಚ್ಚಿಟ್ಟದ್ದು, ಅದನ್ನೇ ಎಳೆದೆ.

ಅವ್ವ ಪೇಪರಿನ ಮೇಲಿಂದ ಇಣುಕಿದಳು. "ಏನ ಮಾಡಾಕತ್ತಿ?"

"ಪಾರ್ಸಲ್ ಕಟ್ಟಾಕತ್ತೀನಿ."

"ಕಂಪ್ಲೇಂಟ್ ಬಂದ್ರ?"

"ಮಂಡಿ ಬರೀತೀನಿ."

ಕಂಪ್ಲೇಂಟ್ ಬರಲಿಲ್ಲ. ಇಂದೋರಿನವನು, ಅಕ್ಕಿಯ ಖೀರು ಮಾಡಿ ತಿಂದೆವು, ಚಿತ್ರದಲ್ಲಿ ಪಾರಿವಾಳದ ಕಾಲು ಒಂದು ಕಡಿಮೆಯಿದೆ ಎಂದು ಬರೆದ. ಅಂಗಡಿ ಇವತ್ತಿಗೂ ನಡೆಯುತ್ತಿದೆ. ಆದರೆ ಇದೆಲ್ಲ ಆಮೇಲಿನ ಮಾತು. ಆ ಮಧ್ಯಾಹ್ನ ನನಗೆ ಇದ್ಯಾವುದೂ ಗೊತ್ತಿರಲಿಲ್ಲ, ಅಂಗಡಿ ಹೋದರೆ ಹೋಗಲಿ ಎಂದೇ ಮಾಡಿದೆ.

"ಹುಚ್ಚೀ, ಹಂಗ ಮಾಡಬಾರದು. ಮಂದಿ ಏನಂತಾರ?"

"ಯಾವ ಮಂದಿ? ಕಾಕೂ ಸುದ್ದಾ ಮಲಗ್ಯಾಳ."

"ನೀ ಮುತ್ತೈದಿ ಅಲ್ಲ, ನಿನ್ನ ಕೈಲೆ ನಡಿಯೂದಿಲ್ಲ."

"ನೀನೂ ಅಲ್ಲ. ಇಬ್ಬರೂ ಕೂಡೇ ತಪ್ಪು ಮಾಡೂನು."

ಅವ್ವ ಪೇಪರು ಮಡಚಿಟ್ಟಳು. ನಾನು ಚಿತ್ರವನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದು, ಸುತ್ತಿದ ಹಾಳೆ ಬಿಚ್ಚಿ, ದೀವಾನದ ಮೇಲೆ ಅವಳ ಪಕ್ಕದಲ್ಲೇ ಒರಗಿಸಿ ನಿಲ್ಲಿಸಿದೆ. ಮುಖ ಪೂರ್ವಕ್ಕಿರಬೇಕು ಎಂದು ಗೊತ್ತಿತ್ತು. ನಮ್ಮ ಮನೆಯಲ್ಲಿ ಪೂರ್ವ ಯಾವುದೆಂದು ಗೊತ್ತಿರಲಿಲ್ಲ. ಅಂದಾಜಿನ ಮೇಲೆ ನ್ಯಾಷನಲ್ ಪಾರ್ಕಿನ ಕಾಡಿನ ಕಡೆ ತಿರುಗಿಸಿದೆ. ಅವ್ವ ಕೈ ಚಾಚಿ ಫ್ರೇಮನ್ನು ಒಂದಿಷ್ಟು ಓರೆ ಮಾಡಿ ಸರಿಪಡಿಸಿದಳು. ಈಗ ಇಬ್ಬರು ಅವ್ವಂದಿರು ಒಂದೇ ಸಾಲಿನಲ್ಲಿ ಕೂತಿದ್ದರು. ಒಬ್ಬಳು ಪಾರಿವಾಳಕ್ಕೆ ಬೈಯುತ್ತಿದ್ದಳು, ಇನ್ನೊಬ್ಬಳು ನನ್ನ ಕಡೆ ನೋಡುತ್ತಿರಲಿಲ್ಲ.

ಖಣವನ್ನು ಚಿತ್ರದ ಮುಂದೆ ಹರಡಿ, ಡಬ್ಬಿಯಿಂದ ಅಕ್ಕಿ ತೆಗೆದೆ. ಯಾರಿಗೂ ಉಡಿ ತುಂಬಿ ಗೊತ್ತಿಲ್ಲದ ಕೈ, ಬೆರಳ ಸಂದಿಯಿಂದ ಅರ್ಧ ನೆಲಕ್ಕೇ ಸುರಿಯಿತು. ಉಳಿದದ್ದನ್ನು ಹಾಕಿದೆ.

ಅವ್ವ ಆ ಸಣ್ಣ ಗುಡ್ಡೆಯನ್ನೇ ನೋಡಿದಳು. ಮೂಗು ಒರೆಸಿಕೊಂಡಳು.

"ಇಷ್ಟ ಅಕ್ಕಿ ಹಾಕಿ ಕಳಸ್ತಿ ಏನ ನನ್ನ?" ಅಂದಳು.

ನಾನು ಡಬ್ಬಿಯನ್ನೇ ಎತ್ತಿಕೊಂಡೆ.